ಸೀಲು ಒಡೆಯದ ಕೈ

ವೆಲ್ಡರನ ಅಂಗೈಯಿಂದ ರಕ್ತ ಮೊಣಕೈವರೆಗೆ ಇಳಿದು ನೆಲದ ಎಣ್ಣೆಯ ಮೇಲೆ ತೊಟ್ಟಿಕ್ಕತೊಡಗಿದಾಗ ಬಸ್ಸಿನಡಿ ನಿಂತು ರಿಪೇರಿ ಮಾಡಲು ಡಿಪೋದಲ್ಲಿ ತೋಡಿದ ಎರಡನೇ ಗುಂಡಿಯ ಸುತ್ತ ಕೆಲಸದಲ್ಲಿದ್ದವರೆಲ್ಲ ಓಡಿ ಬಂದರು. ಒಬ್ಬ ಅವನ ಮಣಿಕಟ್ಟು ಹಿಡಿದು ಮೇಲೆತ್ತಿದ. ಒಬ್ಬ ಜೇಬಿನಿಂದ ಗ್ರೀಸು ಹತ್ತಿದ ಅರಿವೆ ತೆಗೆದ. ಇನ್ನೊಬ್ಬ ಬಸ್ಸು ತೊಳೆಯುವ ಪೈಪನ್ನೇ ಎಳೆದು ತಂದ.

ಗೋಡೆಯ ಮೇಲಿದ್ದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಕಡೆ ಮಾತ್ರ ಯಾರೂ ಹೋಗಲಿಲ್ಲ.

ಪೆಟ್ಟಿಗೆ ದೂರವೇನೂ ಇರಲಿಲ್ಲ. ವೆಲ್ಡರ್ ಕೈ ಚಾಚಿದ್ದರೆ ಅವನಿಗೇ ಸಿಗುತ್ತಿತ್ತು. ಅದರ ಬಾಗಿಲಿಗೆ ಕೆಂಪು ಪ್ಲಾಸ್ಟಿಕ್ಕಿನ ಸೀಲು ಹಾಕಿತ್ತು, ಸೀಲಿನ ಮೇಲೆ ಧೂಳು ಕೂತಿತ್ತು.

ಪ್ರಧಾನ ಕಚೇರಿಯಿಂದ ತಪಾಸಣೆಗೆ ಬಂದಿದ್ದ ಸುರಕ್ಷತಾ ಪರಿಶೀಲಕಿ ತಾನೇ ಮುಂದೆ ಹೋಗಿ ಸೀಲಿಗೆ ಬೆರಳು ಹಾಕಿದಳು. ವರ್ಕ್‌ಶಾಪಿನ ಮೇಸ್ತ್ರಿ ಎಲ್ಲಿದ್ದನೋ, ಹದ್ದಿನಂತೆ ಬಂದು ಅವಳ ಮಣಿಕಟ್ಟು ಹಿಡಿದ. ಮೆಲ್ಲಗೇನೂ ಹಿಡಿಯಲಿಲ್ಲ.

“ಬಿಡಿ ಮೇಡಂ. ಅದಕ್ಕೆ ಕೈ ಹಾಕಬೇಡಿ.”

“ರಕ್ತ ಸುರೀತಿದೆ.”

“ರಕ್ತ ತಾನಾಗೇ ನಿಲ್ಲುತ್ತೆ. ಸೀಲು ಒಡೆದ್ರೆ ಆಮೇಲಿಂದು ನಿಲ್ಲಲ್ಲ.”

ಅವಳು ವೆಲ್ಡರನ ಕಡೆ ನೋಡಿದಳು. ಅವನು ಗಾಯದ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಿಂತಿದ್ದ, ಮಣ್ಣು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ. ಮದುವೆಗೆ ಬಂದ ಮಕ್ಕಳಿರುವ ಮನುಷ್ಯ. ಏನೂ ಆಗಿಲ್ಲ, ಸುಮ್ಮನೆ ಗೀರು ಎಂದು ಅವಳಿಗೇ ಸಮಾಧಾನ ಹೇಳಿದ. ಅಷ್ಟರಲ್ಲಿ ಇಬ್ಬರು ಅವನ ತೋಳು ಹಿಡಿದು ಗೇಟಿನ ಕಡೆ ನಡೆಸಿಕೊಂಡು ಹೊರಟರು. ಗೇಟಿನಾಚೆ ಒಂದು ಔಷಧಿ ಅಂಗಡಿ ಇತ್ತು. ಅಲ್ಲಿ ಕಟ್ಟಿಸಿಕೊಂಡ ಗಾಯ ಡಿಪೋದ ಗಾಯವಲ್ಲ. ಗೇಟು ದಾಟಿದ ನೋವು ಲೆಕ್ಕ ದಾಟಿತು ಅನ್ನುವುದು ಇಲ್ಲಿಯವರು ತಾವೇ ಕಟ್ಟಿಕೊಂಡ ಗಾದೆ.

ಮೇಸ್ತ್ರಿ ಕೈ ಬಿಟ್ಟ. ಅವಳ ಮಣಿಕಟ್ಟಿನ ಸುತ್ತ ಕಪ್ಪು ಬಳೆಯಂತೆ ಗ್ರೀಸು ಉಳಿಯಿತು.

ಅದನ್ನು ಒರೆಸಿಕೊಳ್ಳಲು ಕರವಸ್ತ್ರ ತೆಗೆದವಳು ಹಾಗೆಯೇ ನಿಂತುಬಿಟ್ಟಳು. ಇಷ್ಟು ದಿನ ಹುಡುಕಿದ್ದು ಕಣ್ಣೆದುರಿಗೇ ನಡೆದುಹೋಗಿತ್ತು.

ಈ ಡಿಪೋದ ಹಿರಿಯ ಬ್ರೇಕ್ ಫಿಟ್ಟರ್, ಎಲ್ಲರ ಬಾಯಲ್ಲಿ ಬ್ರೇಕಣ್ಣ, ಗೇಟಿನಾಚೆಯ ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ; ಅವನನ್ನು ನೂಕಿ ಕೊಂದ ಆರೋಪದ ಮೇಲೆ ಲಾಕಪ್ಪಿನಲ್ಲಿದ್ದವನು ಅವನ ಅಳಿಯ, ಪರಿಶೀಲಕಿಯ ಒಡಹುಟ್ಟಿದ ತಮ್ಮ.

ಪೊಲೀಸರ ಲೆಕ್ಕ ಸರಳವಾಗಿತ್ತು. ಮಾವ-ಅಳಿಯ ಆ ಮಧ್ಯಾಹ್ನ ಗೇಟಿನ ಬಳಿ ಕಿತ್ತಾಡಿದ್ದನ್ನು ಅರ್ಧ ಡಿಪೋ ನೋಡಿತ್ತು. ತಮ್ಮನದು ಕನ್ನಡಕದ ಅಂಗಡಿ. ಮಾವನ ಕಣ್ಣಿಗೆ ಪೊರೆ ಬಂದಿದೆ, ಇನ್ನು ಬಸ್ಸಿನಡಿ ಇಳಿಯಬೇಡಿ ಎಂದು ಅವನು ಹೇಳುತ್ತಲೇ ಬಂದಿದ್ದ. ನನ್ನ ಕಣ್ಣು ಬೆರಳಲ್ಲಿದೆ ಅನ್ನುವುದು ಮುದುಕನ ಉತ್ತರ. ಆ ದಿನ ಮಾತು ಕೊರಳಪಟ್ಟಿ ಹಿಡಿಯುವವರೆಗೆ ಹೋಗಿತ್ತು. ಆಮೇಲೆ ಮೆಟ್ಟಿಲ ಬುಡದಲ್ಲಿ ಹೆಣ. ಇಷ್ಟಿದ್ದರೆ ಇನ್ಸ್‌ಪೆಕ್ಟರಿಗೆ ಸಾಕಿತ್ತು.

ಪರಿಶೀಲಕಿಗೆ ಇಷ್ಟು ಸಾಲದಂತೆ ಮಾಡಿದ್ದು ಒಂದು ಬಟ್ಟೆ. ಸತ್ತವನ ಎಡಗೈಯಲ್ಲಿ, ಮೊಣಕೈಯ ಕೆಳಗೆ, ಸಾಯುವುದಕ್ಕೆ ಸ್ವಲ್ಪ ಮೊದಲು ಆದ ಆಳವಾದ ಗಾಯವೊಂದಿತ್ತು. ಯಾರೋ ಅದಕ್ಕೆ ನೀಲಿ ಬಟ್ಟೆ ಸುತ್ತಿದ್ದರು. ದೂರದ ಊರಿಗೆ ಹೋಗುವ ಬಸ್ಸಿನ ಕಿಟಕಿಗೆ ಕಟ್ಟುವ ಪರದೆಯ ಬಟ್ಟೆ ಅದು. ಆ ದಿನ ಎರಡನೇ ಗುಂಡಿಯ ಮೇಲೆ ನಿಂತಿದ್ದ ಬಸ್ಸಿನಲ್ಲಿ ಒಂದು ಕಿಟಕಿಗೆ ಪರದೆಯೇ ಇಲ್ಲವೆಂದು ಅವಳು ಕಂಡುಹಿಡಿದಿದ್ದಳು. ಗುಂಡಿಯ ಕಬ್ಬಿಣದ ಅಂಚಿನಡಿ, ಪೈಪಿನ ನೀರು ತಲುಪದ ಕಡೆ, ಒಣಗಿದ ರಕ್ತವೂ ಇತ್ತು. ಅಲ್ಲಿಗೆ ಗಾಯ ಎಲ್ಲಾಯಿತು ಅನ್ನುವುದು ತಿಳಿಯಿತು. ಕಟ್ಟಿದವರು ಯಾರು ಅನ್ನುವುದು ತಿಳಿದಿರಲಿಲ್ಲ.

ಈಗ ತಿಳಿಯಿತು ಅಂದುಕೊಂಡಳು. ಹೆಸರು ತಿಳಿಯದಿದ್ದರೂ ಕುಲ ತಿಳಿಯಿತು.

ರಕ್ತ ಕಂಡಾಗ ಹೊರಗಿನವರ ಕೈ ಪೆಟ್ಟಿಗೆಗೆ ಹೋಗುತ್ತದೆ; ಈಗ ತಾನೇ ತನ್ನ ಕೈ ಹೋಗಲಿಲ್ಲವೇ. ಒಳಗಿನವರ ಕೈ ಪರದೆಗೆ ಹೋಗುತ್ತದೆ. ಕನ್ನಡಕ ಮಾರುವವನಿಗೆ ಸೀಲಿನ ಭಯ ಎಲ್ಲಿಂದ ಬರಬೇಕು?

ಆ ಸೀಲು ಬಂದದ್ದು ಅವಳ ಕಚೇರಿಯಿಂದಲೇ. ಸಾರಿಗೆ ಸಂಸ್ಥೆ ವರ್ಷ ವರ್ಷ ಸುರಕ್ಷತಾ ಯೋಜನೆ ಬರೆಯುತ್ತದೆ, ಪ್ರತಿ ಡಿಪೋಗೂ ಗುರಿ ಕೊಡುತ್ತದೆ: ಅಪಘಾತ ಇಷ್ಟಕ್ಕೆ ಮೀರಬಾರದು, ಗಾಯ ಇಷ್ಟಕ್ಕೆ ಮೀರಬಾರದು. ಗಾಯಗಳನ್ನು ಯಾರೂ ಮುಚ್ಚಿಡದಿರಲಿ ಎಂದೇ ಪೆಟ್ಟಿಗೆಗಳಿಗೆ ಸೀಲು ಹಾಕಿಸಿದರು. ಒಂದು ಸೀಲು ಒಡೆದರೆ ಒಂದು ಗಾಯ ಲೆಕ್ಕಕ್ಕೆ. ಈ ಡಿಪೋ ಅದನ್ನು ತಿರುವಿ ಹಾಕಿಕೊಂಡಿತು. ಸೀಲು ಒಡೆಯದಿದ್ದರೆ ಗಾಯವೇ ಆಗಿಲ್ಲ. ಹೆಣ ಗೇಟಿನಾಚೆ ಸಿಕ್ಕರೆ ಸಾವೂ ಆಗಿಲ್ಲ.

ಅವಳು ಅಂಗಳಕ್ಕೆ ಬಂದು, ರಿವರ್ಸ್ ಬರುತ್ತಿದ್ದ ಎರಡು ಬಸ್ಸುಗಳ ನಡುವೆ ಗೋಡೆಗೆ ಬೆನ್ನು ಕೊಟ್ಟು ನಿಂತು ಇನ್ಸ್‌ಪೆಕ್ಟರಿಗೆ ಫೋನು ಮಾಡಿದಳು. ಬೆನ್ನು ಬಯಲಿಗೆ ಬಿಟ್ಟು ನಿಲ್ಲುವುದನ್ನು ಈ ಡಿಪೋದಲ್ಲಿ ಮೊದಲ ವಾರವೇ ಬಿಟ್ಟಿದ್ದಳು. ಅವಳ ಸ್ಕೂಟರಿನ ಸೀಟಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ‘ಅನುಮಾನಮ್ಮ’ ಎಂದು ಬರೆದ ವಾರ ಅದು. ಮರುದಿನ ಅದೇ ಅಕ್ಷರ ಮೊಳೆಯಲ್ಲಿ ಕೆತ್ತಿತ್ತು.

ಇನ್ಸ್‌ಪೆಕ್ಟರ್ ಪೂರ್ತಿ ಕೇಳಿದ. ಆಮೇಲೆ ಅವನ ಅಭ್ಯಾಸದಂತೆ ಅವಳ ಮಾತನ್ನು ಚಿಕ್ಕದು ಮಾಡಿ ವಾಪಸ್ ಕೊಟ್ಟ. “ಅಂದ್ರೆ ಬಟ್ಟೆ ಕಟ್ಟಿದವರೇ ಅವನನ್ನ ಗೇಟಿನಾಚೆ ಹಾಕಿದವರು. ಬಟ್ಟೆ ಕಟ್ಟಿದವರೇ ಕೊಂದವರು. ನಿಮ್ಮ ಹೇಳಿಕೆ ಅಂತ ಬರೆದುಕೊಳ್ಳಲಾ?”

ಮಾತನ್ನು ಅಳೆದು ತೂಗಿ ಆಡುವವಳು ಆ ಹೊತ್ತು ತೂಗಲಿಲ್ಲ. ಬರೆದುಕೊಳ್ಳಿ ಎಂದಳು.

*

ಡಿಪೋ ಮ್ಯಾನೇಜರನ ಕೋಣೆ ಮಹಡಿಯ ಮೇಲಿತ್ತು. ಒಂದು ಕಡೆ ಪೂರ್ತಿ ಗಾಜು. ಕೂತಲ್ಲಿಂದಲೇ ಗೇಟು, ಡೀಸೆಲ್ ಪಂಪು, ಗುಂಡಿಗಳು, ಹಿಂದಿನ ಕ್ವಾರ್ಟರ್ಸಿನ ಗೋಡೆ ಎಲ್ಲ ಕಾಣುತ್ತಿತ್ತು. ಅವನ ತಲೆಯ ಮೇಲೆ ಹಸಿರು ಫಲಕ. ‘ಈ ವರ್ಷದ ಗಾಯಗಳು’ ಎಂದು ಬರೆದು ಮುಂದೆ ಒಂದು ದೊಡ್ಡ ಸೊನ್ನೆ. ಸೊನ್ನೆಯನ್ನು ಬಣ್ಣದಲ್ಲೇ ಬರೆಸಿದ್ದ. ಬದಲಾಯಿಸುವ ಪ್ರಸಂಗ ಬಂದೀತು ಅನ್ನುವ ಅನುಮಾನವೇ ಅವನಿಗಿದ್ದಂತಿರಲಿಲ್ಲ.

“ಬನ್ನಿ ಅನುಮಾನಮ್ಮ,” ಎಂದ. ಕುರ್ಚಿ ತೋರಿಸಲಿಲ್ಲ. “ಆ ಹೆಸರು ನಾನಿಟ್ಟಿದ್ದಲ್ಲ. ಇಟ್ಟವನು ಸಿಕ್ಕಿದ್ರೆ ಬಡ್ತಿ ಕೊಡ್ತೀನಿ.”

“ನಿಮಗೂ ಇಟ್ಟಿದ್ದಾರೆ. ಸೊನ್ನೆ ಸಾಹೇಬ.”

“ಗೊತ್ತು. ಅದು ನನ್ನ ಎದುರಿಗೇ ಕರೀತಾರೆ. ನಿಮ್ಮದು ಹಿಂದೆ. ವ್ಯತ್ಯಾಸ ಅಷ್ಟೇ.”

ಮೇಸ್ತ್ರಿ ಅವಳ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಅಡ್ಡವಾಗಿ ನಿಂತ. ಹೊರಗೆ ಹೋಗಲು ಬೇರೆ ಬಾಗಿಲು ಇರಲಿಲ್ಲ. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದು ಮುಖದಲ್ಲಿ ಕಾಣದಂತೆ ನೋಡಿಕೊಂಡಳು.

ಮ್ಯಾನೇಜರ್ ಕನ್ನಡಕ ತೆಗೆದು ಒರೆಸುತ್ತ, ಈಗಷ್ಟೇ ಅವಳ ಮೇಲಧಿಕಾರಿಯೊಡನೆ ಮಾತಾಡಿದ್ದಾಗಿ ತಿಳಿಸಿದ. ನಾಳೆಯಿಂದ ಈ ಡಿಪೋದ ಪರಿಶೀಲನೆ ಬೇರೆಯವರಿಗೆ. ಕೊಲೆ ಆರೋಪಿಯ ಅಕ್ಕ ಕೊಲೆಯಾದವನ ಡಿಪೋಗೆ ಬಂದು ಗುಂಡಿ ಕೆರೆಯುವುದು ಯಾವ ನ್ಯಾಯ ಎಂದು ಕೇಳಿದನಂತೆ. ಆ ಕಡೆಯಿಂದ ಉತ್ತರ ಬರಲಿಲ್ಲವಂತೆ. ಈ ಕನ್ನಡಕವೂ ನಿಮ್ಮ ತಮ್ಮನ ಅಂಗಡಿಯದ್ದೇ, ದೂರದ್ದು ಚೆನ್ನಾಗೇ ಕಾಣುತ್ತದೆ ಎಂದು ನಕ್ಕ.

ನ್ಯಾಯದ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಇವತ್ತೊಂದು ದಿನ ಕೈಯಲ್ಲಿದೆ. ನಾಳೆ ಪೊಲೀಸ್ ಕಸ್ಟಡಿ ಮುಗಿದು ತಮ್ಮನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಆಮೇಲೆ ಇವಳನ್ನು ಗೇಟಿನ ಕಾವಲಿನವನೂ ಒಳಗೆ ಬಿಡುವುದಿಲ್ಲ.

“ನಾಳೆ ಸಮಿತಿ ಸಭೆ ಇದೆ ಅಲ್ವಾ,” ಎಂದಳು. “ಹೊಸ ಯೋಜನೆಗೆ ಒಪ್ಪಿಗೆ.”

“ಇದೆ.”

“ಬ್ರೇಕಣ್ಣ ಇದ್ದಿದ್ರೆ ಒಪ್ಪಿಗೆ ಸಿಗ್ತಿರಲಿಲ್ಲ.”

ಸುರಕ್ಷತಾ ಯೋಜನೆ ಜಾರಿಗೆ ಬರಬೇಕಾದರೆ ಪ್ರತಿ ಡಿಪೋದ ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ಅರ್ಧ ಅಧಿಕಾರಿಗಳು, ಅರ್ಧ ಕೆಲಸಗಾರರು. ಕೆಲಸಗಾರರ ಕಡೆಯ ಹಿರಿಯ ಬ್ರೇಕಣ್ಣ. ಹೋದ ಸಭೆಯಲ್ಲಿ ಅವನು ಸೊನ್ನೆಗೆ ಸಹಿ ಹಾಕುವುದಿಲ್ಲ ಎಂದು ಎದ್ದು ಹೋಗಿದ್ದ. ಮುಂದಿನ ಸಲ ಬರುವಾಗ ಒಬ್ಬನೇ ಬರುವುದಿಲ್ಲ, ಡಿಪೋದವರನ್ನೆಲ್ಲ ಕರೆತಂದು ಸಾಲಾಗಿ ನಿಲ್ಲಿಸುತ್ತೇನೆ, ಎಲ್ಲರೂ ಅಂಗಿ ತೋಳು ಮಡಚಿ ಕೈ ಮೇಜಿನ ಮೇಲಿಡಲಿ, ಅಧಿಕಾರಿಗಳು ಎಣಿಸಿಕೊಳ್ಳಲಿ ಅಂದಿದ್ದ. ಸುಟ್ಟ ಕೈ, ಕುಯ್ದ ಕೈ, ಬೆರಳು ತುಂಡಾದ ಕೈ. ಇದನ್ನು ಅವಳಿಗೆ ಹೇಳಿದ್ದು ಸಮಿತಿಯ ಅಧಿಕಾರಿಯೊಬ್ಬ. ಹೇಳುವಾಗ ಅವನೂ ನಕ್ಕಿರಲಿಲ್ಲ.

ಮ್ಯಾನೇಜರ್ ಕನ್ನಡಕ ಹಾಕಿಕೊಂಡ. “ಅವನು ಸತ್ತಿದ್ದು ನನಗೆ ಲಾಭ. ಒಪ್ಪಿದೆ. ಲಾಭ ಆದವರೆಲ್ಲ ಕೊಂದವರಾದ್ರೆ ಹೆಣದ ಪೆಟ್ಟಿಗೆ ಮಾಡೋ ಬಡಗೀನ ಮೊದಲು ಹಿಡೀಬೇಕು. ಆ ಮಧ್ಯಾಹ್ನ ನಾನು ಎಲ್ಲಿದ್ದೆ ಅನ್ನೋದಕ್ಕೆ ಸಾಕ್ಷಿ ಬೇಕಾ?”

ಬೇಕಿರಲಿಲ್ಲ. ಆ ಮಧ್ಯಾಹ್ನ ಪ್ರಧಾನ ಕಚೇರಿಯಲ್ಲಿ ಗುರಿಗಳ ವಿಮರ್ಶೆ ನಡೆದಿತ್ತು. ಅವನು ಅವಳ ಎದುರಿನ ಕುರ್ಚಿಯಲ್ಲೇ ಕೂತಿದ್ದ. ಎಲ್ಲ ಡಿಪೋಗಳೂ ಇವನನ್ನು ನೋಡಿ ಕಲಿಯಬೇಕು ಎಂದು ಹಿರಿಯರು ಹೊಗಳಿದಾಗ ನೀರಿನ ಲೋಟ ಅವನ ಕಡೆ ಸರಿಸಿದವಳು ಇವಳೇ. ಸಾಕ್ಷಿ ಕೇಳಿದರೆ ಅವನ ಪರವಾಗಿ ಸಾಕ್ಷಿ ಹೇಳಬೇಕಾದವಳೂ ಇವಳೇ.

“ನೀವಲ್ಲ,” ಎಂದಳು. “ನಿಮ್ಮ ಜನ.”

ಹಿಂದೆ ಮೇಸ್ತ್ರಿ ಕಾಲು ಬದಲಿಸಿದ್ದು ಕೇಳಿಸಿತು.

ಅವಳು ಬಟ್ಟೆಯ ವಿಷಯ ಹೇಳಿದಳು. ಪರದೆ ಇಲ್ಲದ ಕಿಟಕಿ, ಗುಂಡಿಯಂಚಿನ ರಕ್ತ, ಈಗಷ್ಟೇ ಕಣ್ಣೆದುರು ಕಂಡ ವೆಲ್ಡರನ ಕೈ. ಒಂದೊಂದನ್ನೂ ಬಿಡಿಸಿ, ಅವಸರಪಡದೆ, ಹೆಚ್ಚು ಹೇಳದೆ. ಮ್ಯಾನೇಜರ್ ಅಡ್ಡ ಮಾತಾಡಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖದಲ್ಲಿ ಭಯ ಬರಬಹುದೆಂದು ಅವಳು ಕಾದಿದ್ದಳು. ಬಂದದ್ದು ಬೇರೆಯೇ. ಮಗ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಸುದ್ದಿ ಕೇಳುವ ಅಪ್ಪನ ಮುಖ ಅದು.

“ಚೆನ್ನಾಗಿ ಹಿಡಿದ್ರಿ,” ಎಂದ. “ಆದ್ರೆ ಹಿಡಿದು ಏನು ಮಾಡ್ತೀರಿ? ಈ ಗೋಡೆ ಒಳಗಿರೋ ಒಂದೊಂದು ಕೈನೂ ಸೀಲಿನ ಮುಂದೆ ನಿಂತುಬಿಡುತ್ತೆ. ನಿಲ್ಲೋ ಹಾಗೆ ತಿದ್ದಿದ್ದು ನಾನು. ಮೊದಲು ಬೈದೆ, ಆಮೇಲೆ ಡ್ಯೂಟಿ ಬದಲಿಸ್ದೆ, ಆಮೇಲೆ ಏನೂ ಮಾಡೋದೇ ಬೇಕಾಗಲಿಲ್ಲ, ಅವರವರೇ ಒಬ್ಬರನ್ನೊಬ್ಬರು ಕಾಯೋಕೆ ಶುರು ಮಾಡಿದ್ರು. ಇದರಲ್ಲಿ ಯಾವ ಕೈ ಅಂತ ಆರಿಸ್ತೀರಿ?”

“ಇದನ್ನ ಹೆಮ್ಮೆಯಿಂದ ಹೇಳ್ತಿದ್ದೀರಿ.”

“ಮೊದಲನೇ ವರ್ಷ ನಾನು ನಿಜಾನೇ ಬರೆದು ಕಳಿಸ್ದೆ ಮೇಡಂ.” ಅವನ ದನಿ ಏರಲಿಲ್ಲ, ಒಳಗಿನದು ಮಾತ್ರ ಗಟ್ಟಿಯಾಯಿತು. “ಗಾಯ ಆದಷ್ಟೂ ಬರೆದೆ. ಗುರಿ ಮೀರಿದ್ದೇಕೆ ಅಂತ ವಿವರಣೆ ಕೇಳಿದ್ರಿ. ಕೊಟ್ಟೆ. ವಿವರಣೆ ಸಾಲದು ಅಂದ್ರಿ. ಗುಂಡಿಗೆ ಬೆಳಕು ಬೇಕು, ಕೈಗವಸು ಬೇಕು, ಜನ ಸಾಲದು ಅಂದೆ. ಅದಕ್ಕೆ ಉತ್ತರ ಇಲ್ಲ. ಮರುವರ್ಷ ಸೊನ್ನೆ ಅಂತ ಕಳಿಸ್ದೆ. ಹಾರ ಹಾಕಿದ್ರಿ.” ಅವನು ತಲೆಯ ಮೇಲಿನ ಫಲಕವನ್ನು ತಿರುಗಿ ನೋಡದೆಯೇ ತೋರಿಸಿದ. “ಸೊನ್ನೆ ಅಂದ್ರೆ ಏನೂ ಆಗಿಲ್ಲ ಅಂತ ಅಲ್ಲ. ಯಾರೂ ಹೇಳಲ್ಲ ಅಂತ. ಅಷ್ಟೂ ಗೊತ್ತಿಲ್ಲದೆ ಪರಿಶೀಲನೆಗೆ ಬಂದ್ರಾ?”

ಅವನು ಸಿಟ್ಟಿನಲ್ಲಿ ಕೈಯಿಂದ ಜಾರಿಸಿದ್ದನ್ನು ಅವಳು ಬೊಗಸೆಯೊಡ್ಡಿ ಹಿಡಿದುಕೊಂಡಿದ್ದಳು.

“ಒಳಗಿನವರ ಕೈ ಮಾತ್ರ ಸೀಲಿನ ಮುಂದೆ ನಿಲ್ಲುತ್ತೆ,” ಎಂದಳು ನಿಧಾನವಾಗಿ. “ನೀವೇ ಹೇಳಿದ್ರಿ. ಮೇಸ್ತ್ರಿಗಳು ಕೇಳಿಸಿಕೊಂಡಿದ್ದಾರೆ. ಹಾಗಾದ್ರೆ ಬಟ್ಟೆ ಕಟ್ಟಿದ್ದು ಹೊರಗಿನವರಲ್ಲ. ನನ್ನ ತಮ್ಮ ಅಲ್ಲ.”

ಕೆಳಗೆ ಒಂದು ಬಸ್ಸು ಗಾಳಿ ಬಿಟ್ಟು ಉಸ್ಸೆಂದಿತು.

ಮ್ಯಾನೇಜರ್ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ನೆಲ ನೋಡಿದ. ಇಬ್ಬರಲ್ಲಿ ಯಾರೂ ಅಲ್ಲವೆನ್ನಲಿಲ್ಲ.

“ಆಗಲಿ,” ಎಂದ ಮ್ಯಾನೇಜರ್ ಕೊನೆಗೆ. “ನಿಮ್ಮ ತಮ್ಮ ಹೊರಗೆ ಬರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಒಂದು ಮಾತು ಹೇಳ್ತೀನಿ, ಬೆದರಿಕೆ ಅಂತ ಬೇಕಾದ್ರೂ ತಿಳ್ಕೊಳ್ಳಿ. ಕತ್ತಲಲ್ಲಿ ಕಲ್ಲು ಎಸೆಯೋರು ತಮ್ಮ ಮನೆಯವರೆಲ್ಲ ಒಳಗಿದ್ದಾರಾ ಅಂತ ಮೊದಲು ನೋಡ್ಕೋಬೇಕು. ಬ್ರೇಕಣ್ಣ ಕೊನೆಗೆ ಎಲ್ಲರ ಜೊತೆಗೂ ಕಿತ್ತಾಡಿದ್ದ.”

“ಎಲ್ಲರ ಜೊತೆಗೂ ಅಂದ್ರೆ?”

“ಕನ್ನಡದಲ್ಲೇ ಹೇಳಿದೆ ಮೇಡಂ.”

ಅವಳ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್. ಠಾಣೆಗೆ ಬನ್ನಿ, ನಿಮ್ಮ ತಮ್ಮ ಕೊನೆಗೂ ಬಾಯಿ ಬಿಟ್ಟಿದ್ದಾನೆ ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮೇಸ್ತ್ರಿ ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಅವನ ಮುಖದಲ್ಲಿ ಕನಿಕರದಂತಹದೇನೋ ಇತ್ತು. ಇಡೀ ಡಿಪೋದಲ್ಲಿ ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಅದೊಂದೇ.

*

ಸ್ಕೂಟರಿನ ಮೇಲೆ ಕೂತಾಗ ಅವಳು ಒಳ್ಳೆಯದನ್ನೇ ಯೋಚಿಸಲು ಪ್ರಯತ್ನಪಟ್ಟಳು. ಹಿಡಿದೊಯ್ದ ದಿನದಿಂದ ತಮ್ಮ ಇನ್ಸ್‌ಪೆಕ್ಟರನ ಮುಂದೆ ತುಟಿ ಬಿಚ್ಚಿರಲಿಲ್ಲ. ಅಷ್ಟು ದಿನ ಸುಮ್ಮನಿದ್ದವನು ಮಾತಾಡಿದ್ದಾನೆ ಅಂದರೆ ನಿಜ ಹೇಳಿರಬೇಕು. ಸಂಜೆಯ ಹೊತ್ತಿಗೆ ಮನೆಗೆ ಕರೆದುಕೊಂಡು ಹೋಗಬಹುದು. ಅವನ ಪುಟ್ಟ ಮಗಳು ಇವಳ ಮನೆಯಲ್ಲೇ ಇದ್ದಳು. ಅಪ್ಪ ಎಲ್ಲಿ ಎಂದು ಕೇಳುವುದನ್ನು ಬಿಟ್ಟು ಈಗ ಬಾಗಿಲ ಕಡೆ ನೋಡುವುದನ್ನು ಕಲಿತಿದ್ದಳು. ಮಗುವಿನ ತಾಯಿ ಇವಳೊಡನೆ ಮಾತು ಬಿಟ್ಟಿದ್ದಳು. ಗಂಡನನ್ನು ಹಿಡಿದೊಯ್ದ ದಿನವೇ ಮಗುವನ್ನು ಅತ್ತಿಗೆಯ ಮಡಿಲಿಗೆ ಹಾಕಿ, ಡಿಪೋದ ಹಿಂದೆ ಅಪ್ಪನ ಕ್ವಾರ್ಟರ್ಸಿಗೆ ಹೋಗಿ ಕದ ಹಾಕಿಕೊಂಡವಳು ಹೊರಗೆ ಬಂದಿರಲಿಲ್ಲ. ಒಂದೇ ಸಲ ಅಪ್ಪನೂ ಹೋದ, ಗಂಡನೂ ಹೋದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಇವಳ ಮೇಲೆ ಮಾಡಿದ್ದಾಳೆ ಎಂದು ಪರಿಶೀಲಕಿ ತಾಳಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಅವಳಿಗೆ ಕುರ್ಚಿ ಕೊಟ್ಟ. ಪೊಲೀಸರು ಮರ್ಯಾದೆ ಹೆಚ್ಚಿಸಿದಾಗ ಸುದ್ದಿ ಕೆಟ್ಟದ್ದೆಂದು ತಿಳಿಯಬೇಕು.

“ನಿಮ್ಮ ಮಾತು ಬರೆದುಕೊಂಡೆ. ಅದು ನನಗೂ ಸರಿ ಅನ್ನಿಸ್ತು. ಬಟ್ಟೆ ಕಟ್ಟಿದವರೇ ಕೊಂದವರು,” ಎಂದ. “ಈಗ ನಿಮ್ಮ ತಮ್ಮ ಹೇಳ್ತಾನೆ, ಬಟ್ಟೆ ಕಟ್ಟಿದ್ದು ತಾನೇ ಅಂತ.”

ಅವಳು ಅವನನ್ನೇ ನೋಡಿದಳು. ಆಗಲಾರದು ಎಂದಳು. ಹೊರಗಿನವನಾಗಿದ್ದರೆ ಪೆಟ್ಟಿಗೆ ಒಡೆಯುತ್ತಿದ್ದ ಎಂದು ಬೆಳಗ್ಗೆ ಹೇಳಿದ್ದನ್ನೇ ಮತ್ತೆ ಹೇಳಹೊರಟಳು.

ಇನ್ಸ್‌ಪೆಕ್ಟರ್ ಕೈಯೆತ್ತಿ ತಡೆದ. ಅದನ್ನೂ ಕೇಳಿದ್ದನಂತೆ. ಜಗಳದ ನಂತರ ತಮ್ಮ ಕ್ವಾರ್ಟರ್ಸಿನ ಕಡೆಯ ಚಿಕ್ಕ ಗೇಟಿನಿಂದ ಮಾವನ ಬೆನ್ನು ಹತ್ತಿ ಒಳಗೆ ಹೋದನಂತೆ. ಮುದುಕ ಗುಂಡಿಗೆ ಇಳಿಯುವಾಗ ಕೈ ಸೀಳಿಕೊಂಡನಂತೆ. ಅಳಿಯ ಪೆಟ್ಟಿಗೆಗೆ ಕೈ ಹಾಕಿದಾಗ ಮುದುಕನೇ ತಡೆದನಂತೆ.

“ಸೀಲು ಒಡೀಬೇಡ, ನಾನು ಸಭೆಗೆ ಹೋಗೋತನಕ ಅದು ಹಾಗೇ ಇರಲಿ. ಮಾವ ಹೀಗಂದ್ರು ಅಂತಾನೆ. ಮುಟ್ಟದ ಪೆಟ್ಟಿಗೇನೂ ಕುಯ್ದ ಕೈನೂ ಒಟ್ಟಿಗೇ ತೋರಿಸ್ತೀನಿ ಅಂದ್ರಂತೆ. ಇಂಥ ಮಾತು ಯಾರಾದ್ರೂ ಹುಟ್ಟಿಸಿ ಹೇಳೋಕಾಗುತ್ತಾ ಮೇಡಂ?”

ಆಗುವುದಿಲ್ಲ. ಅದು ಬ್ರೇಕಣ್ಣನ ಮಾತೇ. ಅವನ ಹಟ, ಅವನ ವರಸೆ. ಕಟ್ಟಿದವರ ಕೈಯನ್ನೇ ಲೆಕ್ಕ ಹಾಕುತ್ತ ಹೋಗಿ, ರಕ್ತ ಸುರಿಯುತ್ತಿದ್ದ ಕೈಯೂ ಡಿಪೋದ್ದೇ ಅನ್ನುವುದನ್ನು ಮರೆತಿದ್ದಳು. ವೆಲ್ಡರ್ ತನ್ನ ಕೈ ತಾನೇ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡೂ ಮರೆತಿದ್ದಳು. ಪೆಟ್ಟಿಗೆ ಒಡೆಯದಿರಲು ಒಳಗಿನವರೇ ಕಟ್ಟಬೇಕೆಂದಿಲ್ಲ. ಒಳಗಿನವನು ಬೇಡ ಅಂದರೆ ಸಾಕು.

ತಮ್ಮನನ್ನು ಎದುರಿಗೆ ಕೂರಿಸಿದರು. ಗಡ್ಡ ಬೆಳೆದಿತ್ತು. ಅಂಗಿ ಮಾತ್ರ ಶುಭ್ರವಾಗಿ, ಇಸ್ತ್ರಿಯ ಮಡಿಕೆ ಇನ್ನೂ ಮಾಸದೆ ಇತ್ತು. ಅವನು ಅಕ್ಕನ ಮುಖ ನೋಡಲಿಲ್ಲ.

ಇನ್ಸ್‌ಪೆಕ್ಟರನ ಮೇಜಿನ ಫೋನು ಬಡಿದುಕೊಂಡಿತು. ಅವನು ಪಕ್ಕಕ್ಕೆ ತಿರುಗಿ ಮಾತಿಗಿಳಿದ. ಅವಳು ಮುಂದೆ ಬಾಗಿದಳು.

“ಯಾವ ಕೈಗೆ ಕಟ್ಟಿದೆ?”

ಅವನು ಕಣ್ಣು ಮೇಲೆತ್ತಿದ. ಚಿಕ್ಕವನಿದ್ದಾಗ ಮಗ್ಗಿ ಮರೆತಾಗ ನೋಡುತ್ತಿದ್ದ ನೋಟ ಅದು.

“ಬಲಗೈ,” ಎಂದ.

ಇವನು ಕಟ್ಟಿಲ್ಲ. ಇವನು ಅಲ್ಲಿ ಇರಲೇ ಇಲ್ಲ. ಆದರೆ ಮುದುಕ ಗುಂಡಿಯಲ್ಲಿ ಆಡಿದ ಮಾತು ಇವನ ಬಾಯಲ್ಲಿದೆ. ಕೇಳಿಸಿಕೊಂಡವರು ಯಾರೋ ಇವನಿಗೆ ತಂದುಕೊಟ್ಟಿದ್ದಾರೆ.

“ಇದನ್ನ ನಿನಗೆ ಯಾರು ಹೇಳಿಕೊಟ್ಟಿದ್ದು?”

“ಕೇಳಬೇಡ ಅಕ್ಕ.” ಅವನು ಮೇಜಿನಂಚು ಹಿಡಿದುಕೊಂಡ. “ನೀನು ಇನ್ನೊಂದು ಸಲ ಕೇಳಿದ್ರೆ ನಾನು ಹೇಳಿಬಿಡ್ತೀನಿ. ಅದಕ್ಕೇ ಕೇಳಬೇಡ.”

ಇನ್ಸ್‌ಪೆಕ್ಟರ್ ಫೋನು ಇಟ್ಟ. ಅವಳು ಮುಖದ ಮೇಲೆ ಏನನ್ನೂ ಬರಗೊಡದೆ, ತಮ್ಮನ ಅಂಗಿ ಚೆನ್ನಾಗಿದೆ, ಯಾರು ತಂದುಕೊಟ್ಟರು ಎಂದು ವಿಚಾರಿಸಿದಳು. ಬೆಳಗ್ಗೆ ಅವನ ಹೆಂಡತಿ ಬಂದಿದ್ದಳು ಎಂದ ಇನ್ಸ್‌ಪೆಕ್ಟರ್. ಇಷ್ಟು ದಿನದಲ್ಲಿ ಅವನನ್ನು ನೋಡಲು ಬಂದ ಮೊದಲನೆಯವಳು ಅವಳೇ ಅಂತೆ. ಹೇಳಿಕೆಗೆ ಒಂದು ಸಹಿ ಬೇಕು ಎಂದು ಕಾಗದ ಮುಂದೆ ತಳ್ಳಿದ. ಸ್ವಲ್ಪ ಗಾಳಿ ಬೇಕು, ಬಂದು ಹಾಕುತ್ತೇನೆ ಎಂದು ಅವಳು ಎದ್ದಳು.

ಹೊರಗೆ ಠಾಣೆಯ ಜಗಲಿಯ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಕಾಯುತ್ತಿದ್ದವಳಂತೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಪರಿಶೀಲಕಿ ಕೂರಲಿಲ್ಲ.

“ಯಾವ ಕೈ ಅಂದ್ರು?” ಎಂದು ಕೇಳಿದಳು ತಮ್ಮನ ಹೆಂಡತಿ. ಇಷ್ಟು ದಿನಗಳ ನಂತರ ಆಡಿದ ಮೊದಲ ಮಾತು ಅದು.

“ಬಲಗೈ.”

ಅವಳು ಕಣ್ಣು ಮುಚ್ಚಿಕೊಂಡಳು. “ಎಡಗೈ ಅಂತ ಬಿಡಿಸಿ ಬಿಡಿಸಿ ಹೇಳಿದ್ದೆ. ಕಣ್ಣು ಪರೀಕ್ಷೆ ಮಾಡೋರಿಗೆ ಎದುರಿಗೆ ಕೂತವರ ಎಡ ಯಾವಾಗಲೂ ಬಲವೇ.”

“ನೀನು ಅಲ್ಲಿದ್ದೆ.”

“ನಾನು ಆ ಗೋಡೆ ಹಿಂದೇನೇ ಬೆಳೆದವಳು ಅತ್ತಿಗೆ. ಅಪ್ಪಂಗೆ ಮಧ್ಯಾಹ್ನದ ಮಾತ್ರೆ ಕೊಡೋಕೆ ಹೋಗಿದ್ದೆ. ಬಟ್ಟೆ ಕಟ್ಟಿದ್ದು ನಾನು. ಕಟ್ಟಿ ಮನೆಗೆ ಹೋದೆ. ಆಗ ಅಪ್ಪ ಚೆನ್ನಾಗಿದ್ರು, ನನ್ನ ಬೈತಿದ್ರು.” ದನಿಯಲ್ಲಿ ಅಳು ಇರಲಿಲ್ಲ. ಅಳು ಮುಗಿದ ಮೇಲೆ ಉಳಿಯುವ ಹಗೆ ಇತ್ತು. “ಅಷ್ಟನ್ನ ಹೇಳಿಕೊಂಡು ಬದುಕಬಹುದಿತ್ತು. ಬಟ್ಟೆ ಕಟ್ಟಿದವರೇ ಕೊಂದವರು ಅಂತ ಬೆಳಗ್ಗೆ ಇದೇ ಠಾಣೇಲಿ ಬರೆಸಿದ್ರಲ್ಲ ನೀವು. ಆ ಫೋನು ಬಂದಾಗ ನಾನು ಇವರ ಎದುರಿಗೆ ಅಂಗಿ ಹಿಡಿದು ನಿಂತಿದ್ದೆ. ಇನ್ಸ್‌ಪೆಕ್ಟರ್ ಗಟ್ಟಿಯಾಗಿ ತಿರುಗಿ ಹೇಳಿದ್ದನ್ನ ಇಬ್ಬರೂ ಕೇಳಿಸಿಕೊಂಡ್ವಿ.”

“ಅದಕ್ಕೆ ಅವನು…”

“ಅದಕ್ಕೇ. ನನ್ನ ಹೆಸರು ಬರಬಾರದು ಅಂತ.”

ರಸ್ತೆಯ ಮೇಲೆ ಡಿಪೋದ ಬಸ್ಸೊಂದು ಹಾದುಹೋಯಿತು.

“ನೀನು ಹೋದಮೇಲೆ ಅಲ್ಲಿಗೆ ಬಂದವರು ಯಾರು?”

ತಮ್ಮನ ಹೆಂಡತಿ ಎದ್ದು ನಿಂತಳು. ಉತ್ತರ ಬಾಯಿಯವರೆಗೂ ಬಂದದ್ದು ಕಂಡಿತು. ಆದರೆ ಅವಳ ನೋಟ ಅತ್ತಿಗೆಯನ್ನು ದಾಟಿ ಬಾಗಿಲ ಕಡೆ ಹೋಯಿತು, ಬಾಯಿ ಮುಚ್ಚಿಕೊಂಡಿತು.

ಬಾಗಿಲಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದ. ಒಂದು ಕೈಯಲ್ಲಿ ಹೇಳಿಕೆಯ ಕಾಗದ, ಇನ್ನೊಂದರಲ್ಲಿ ಪೆನ್ನು.

“ಫೋನಿನಲ್ಲಿದ್ರೂ ನನ್ನ ಒಂದು ಕಿವಿ ಈ ಕಡೆ ಇತ್ತು ಮೇಡಂ,” ಎಂದ. “ಯಾವ ಕೈಗೆ ಕಟ್ಟಿದೆ ಅಂತ ಅವನನ್ನ ಕೇಳಿದ್ರಿ. ಉತ್ತರ ಕೇಳಿಸ್ಲಿಲ್ಲ. ಈಗ ನಾನು ಕೇಳಿದ್ರೆ ಬಾಯಿ ಬಿಡ್ತಿಲ್ಲ.”

ಅವನು ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. ಎಡ ಅಂದರೆ ತಮ್ಮ ಒಳಗೆ, ಬಲ ಅಂದರೆ ಪಕ್ಕದಲ್ಲಿ ನಿಂತವಳು.

“ನಿಮಗೆ ಏನಂದ? ಎಡಾನಾ, ಬಲಾನಾ?”